ಪಕ್ಕದ ಊರು ಉಳಿದದ್ದು ಹೇಗೆ? ಅಂತರ್ಯುದ್ಧದಲ್ಲಿ ಹಿಂಸೆಯ ಜಾಗಗಳ ಬಗ್ಗೆ

ಪ್ರಶ್ನೆ: ನಾನು ಪಿಯುಸಿ ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ. ಶ್ರೀಲಂಕಾದ ಯುದ್ಧದ ಬಗ್ಗೆ ಓದುವಾಗ ಒಂದು ವಿಷಯ ಕಾಡತೊಡಗಿತು. ಅಕ್ಕಪಕ್ಕದ ಎರಡು ಊರು. ಭಾಷೆ ಒಂದೇ, ಬಡತನವೂ ಒಂದೇ. ಆದರೂ ಒಂದು ಊರಿನಲ್ಲಿ ಹತ್ತಾರು ಹೆಣ ಬೀಳುತ್ತವೆ, ಇನ್ನೊಂದರಲ್ಲಿ ಯಾರ ಕೂದಲೂ ಕೊಂಕುವುದಿಲ್ಲ. ಇದನ್ನು ತೀರ್ಮಾನಿಸುವುದು ಯಾವುದು? ದ್ವೇಷವೇ, ಬಡತನವೇ, ಕಾಡು-ಗುಡ್ಡವೇ? ಇದನ್ನು ಮುಂಚೆಯೇ ಊಹಿಸಲು ಆಗುತ್ತದೆಯೇ?

ಉತ್ತರ: ನೀವು ಹೆಸರಿಸಿದ ಮೂರೂ ಕಾರಣಗಳಲ್ಲಿ ಹುರುಳಿದೆ. ಆದರೆ ಅವು ಉತ್ತರ ಕೊಡುವುದು ಬೇರೆ ಪ್ರಶ್ನೆಗೆ. ಬಡತನ, ಕೈಲಾಗದ ಸರ್ಕಾರ, ರಸ್ತೆಯಿಲ್ಲದ ಗುಡ್ಡಗಾಡು, ಇವೆಲ್ಲ ದೇಶದ ಯಾವ ಮೂಲೆಯಲ್ಲಿ ಬಂಡಾಯ ಬೇರು ಬಿಡುತ್ತದೆ ಎಂಬುದನ್ನು ಒಂದು ಮಟ್ಟಕ್ಕೆ ಹೇಳುತ್ತವೆ. ನೇಪಾಳದ ಮಾವೋವಾದಿಗಳು 1996ರಲ್ಲಿ ರೋಲ್ಪಾ, ರುಕುಮ್ ಬೆಟ್ಟಗಳಿಂದ ಯುದ್ಧ ಶುರು ಮಾಡಿದ್ದು ಆಕಸ್ಮಿಕವಲ್ಲ. ಆದರೆ ಅದೇ ಬೆಟ್ಟದೊಳಗೆ ಯಾವ ಊರಿನಲ್ಲಿ ರಕ್ತ ಹರಿಯಿತು, ಯಾವುದರಲ್ಲಿ ಇಲ್ಲ ಎಂದು ಕೇಳಿದರೆ ಬಡತನ ಬಾಯಿ ಬಿಡುವುದಿಲ್ಲ, ಏಕೆಂದರೆ ಎರಡೂ ಊರು ಬಡವೇ. ದ್ವೇಷದ ಮಾತೂ ಹಾಗೆಯೇ. ಎರಡು ಸಮುದಾಯಗಳ ನಡುವೆ ನೂರು ವರ್ಷದ ದ್ವೇಷ ಇತ್ತು ಅಂತಲೇ ಇಟ್ಟುಕೊಳ್ಳೋಣ. ಹಾಗಿದ್ದರೆ ಮಂಗಳವಾರ ಈ ಕೇರಿಯಲ್ಲೇ ಏಕೆ ಕೊಲೆಗಳಾದವು?

ನಾನು ಕೊಡಬಹುದಾದ ಉತ್ತರ ಇದು: ಊರಿನ ಮೇಲೆ ಯಾರ ಹಿಡಿತ ಎಷ್ಟಿದೆ, ಊರಿನೊಳಗಿಂದ ಹೆಸರು ಹೇಳುವವರು ಯಾರು, ಈ ಎರಡೂ ಕೂಡಿದ ಕಡೆ ಹಿಂಸೆ ನಡೆಯುತ್ತದೆ. ಬಂದೂಕು ಹಿಡಿದವನಿಗೆ ಊರು ಗೊತ್ತಿರುವುದಿಲ್ಲ. ಶತ್ರುವಿಗೆ ಅನ್ನ ಹಾಕಿದ ಮನೆ ಯಾವುದು, ಯಾರ ಮಗ ಕಾಡು ಸೇರಿದ್ದಾನೆ ಎಂಬುದು ಊರಿನವರಿಗೆ ಮಾತ್ರ ಗೊತ್ತು. ಅವರು ಹೇಳಿದರೆ ಮಾತ್ರ ಆರಿಸಿ ಕೊಲ್ಲಲು ಸಾಧ್ಯ. ಹೇಳುವುದು ಬಿಡುವುದು ತಮ್ಮ ತಲೆ ಉಳಿಯುತ್ತದೆಯೇ ಎಂಬುದರ ಮೇಲೆ ನಿಂತಿರುತ್ತದೆ.

ಗ್ರೀಸ್ ದೇಶದ ಅರ್ಗೋಲಿಡಾ ಜಿಲ್ಲೆಯ ಕಥೆಯಿಂದ ಇದು ಚೆನ್ನಾಗಿ ಅರ್ಥವಾಗುತ್ತದೆ. ಪೆಲೊಪೊನೀಸ್‌ನ ಈಶಾನ್ಯ ಮೂಲೆ ಅದು. ಆರ್ಗೋಸ್, ನಾಫ್ಲಿಯೋ ಪಟ್ಟಣಗಳ ಸುತ್ತ ಬಯಲು, ಆಮೇಲೆ ದಿಬ್ಬಗಳು, ಅದರಾಚೆ ಬೆಟ್ಟ. ಎರಡನೇ ಮಹಾಯುದ್ಧದಲ್ಲಿ ಗ್ರೀಸ್ ಜರ್ಮನಿ, ಇಟಲಿಗಳ ವಶವಾದಾಗ ಎಡಪಂಥೀಯರ ಗೆರಿಲ್ಲಾ ಪಡೆ ಬೆಟ್ಟದಲ್ಲಿ ಬೆಳೆಯಿತು. ಜರ್ಮನ್ನರ ಪರ ನಿಂತ ಗ್ರೀಕರ ಸಶಸ್ತ್ರ ತುಕಡಿಗಳು ಪಟ್ಟಣದಲ್ಲಿ ಬೀಡುಬಿಟ್ಟವು. 1943-44ರಲ್ಲಿ ಗ್ರೀಕರೇ ಗ್ರೀಕರನ್ನು ಕೊಂದರು. ರಾಜ್ಯಶಾಸ್ತ್ರಜ್ಞ ಸ್ತಾಥಿಸ್ ಕಲಿವಾಸ್ ದಶಕಗಳ ನಂತರ ಆ ಜಿಲ್ಲೆಯ ಹಳ್ಳಿಗಳನ್ನು ಒಂದೊಂದಾಗಿ ತೆಗೆದುಕೊಂಡು, ಯಾವ ಊರಿನಲ್ಲಿ ಯಾವ ತಿಂಗಳು ಯಾರು ಯಾರನ್ನು ಕೊಂದರು ಎಂದು ವಿಚಾರಣೆಯ ಕಡತಗಳಿಂದ, ಮುದುಕರ ಬಾಯಿಂದ ಕಲೆಹಾಕಿದರು. ಅಲ್ಲಿ ಗೆರ್ಬೇಸಿ ಮತ್ತು ಮಾನೇಸಿ ಎಂಬ ಎರಡು ಹಳ್ಳಿಗಳು ಕೆಲವೇ ಮೈಲಿ ದೂರದಲ್ಲಿವೆ. ಕಸುಬು, ಕುಲ, ರಾಜಕೀಯ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ. 1944ರ ಬೇಸಿಗೆಯಲ್ಲಿ ಗೆರ್ಬೇಸಿಯಲ್ಲಿ ಕುಟುಂಬಗಳನ್ನೇ ಕಡಿದು ಹಾಕಿದರು. ಮಾನೇಸಿ ಪಾರಾಯಿತು. ನೀವು ಕೇಳಿದ ಪ್ರಶ್ನೆಯನ್ನೇ ಆ ಎರಡು ಹಳ್ಳಿಗಳು ಕೇಳುತ್ತವೆ.

ಆ ಅಧ್ಯಯನದಲ್ಲಿ ಕಂಡದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಒಂದು ಪಕ್ಷಕ್ಕೆ ಊರಿನ ಮೇಲೆ ಪೂರ್ತಿ ಹಿಡಿತ ಇದ್ದರೆ ಅದು ಕೊಲ್ಲುವುದು ಕಡಿಮೆ. ಅಗತ್ಯವೇ ಇರುವುದಿಲ್ಲ, ವಿರೋಧಿಗಳು ಓಡಿಹೋಗಿರುತ್ತಾರೆ ಅಥವಾ ತೆಪ್ಪಗಿರುತ್ತಾರೆ. ಎದುರು ಪಕ್ಷ ಆ ಊರಿಗೆ ಕಾಲಿಡಲು ಆಗದೆ ದೂರದಿಂದ ಶೆಲ್ ಹಾಕಬಹುದು, ಬಾಂಬ್ ಎಸೆಯಬಹುದು, ಆದರೆ ಇಂಥವನೇ ಬೇಕು ಎಂದು ಆರಿಸಲು ಅದಕ್ಕೆ ಆಗುವುದಿಲ್ಲ. ಇನ್ನು ಎರಡೂ ಕಡೆಯವರ ಬಲ ಸರಿಸಮ ಇರುವ ಊರು. ಅತಿ ಹೆಚ್ಚು ರಕ್ತ ಅಲ್ಲೇ ಹರಿಯಬೇಕು ಅಂತ ನಮಗೆ ಅನ್ನಿಸುತ್ತದೆ. ಲೆಕ್ಕ ತೆಗೆದರೆ ಅಲ್ಲಿ ಆರಿಸಿ ಕೊಲ್ಲುವುದು ಕಡಿಮೆ. ಹಗಲು ಇವರು ಬರುತ್ತಾರೆ, ರಾತ್ರಿ ಅವರು ಬರುತ್ತಾರೆ. ಇವತ್ತು ನಾನು ಪಕ್ಕದ ಮನೆಯವನ ಹೆಸರು ಹೇಳಿದರೆ ನಾಳೆ ಅವನ ತಮ್ಮ ನನ್ನ ಹೆಸರು ಹೇಳುತ್ತಾನೆ. ಹಾಗಾಗಿ ಬಾಯಿಗಳು ಹೊಲಿದುಕೊಂಡಿರುತ್ತವೆ.

ಕೊಲೆ ಹೆಚ್ಚುವುದು ಇವೆರಡರ ನಡುವಿನ ಕಡೆ. ಒಂದು ಪಕ್ಷದ ಕೈ ಮೇಲಾಗಿದೆ, ಆದರೆ ಪೂರ್ತಿ ಕೈವಶವಾಗಿಲ್ಲ. ಎದುರು ಪಕ್ಷದವರು ಇನ್ನೂ ಊರೊಳಗೆ ಅಡಗಿದ್ದಾರೆ, ಅವರನ್ನು ಕಿತ್ತೆಸೆಯುವ ಆಸೆ ಇದೆ. ಹೆಸರು ಹೇಳುವವನಿಗೆ ಕಾವಲೂ ಸಿಗುತ್ತದೆ. ಆಗ ಚಾಡಿಯ ಬಾಗಿಲು ತೆರೆಯುತ್ತದೆ. ಆ ಬಾಗಿಲಿನಲ್ಲಿ ಬರುವುದು ರಾಜಕೀಯ ಒಂದೇ ಅಲ್ಲ: ಬದುವಿನ ಜಗಳ, ನೀರಿನ ಸರದಿ, ಮುರಿದುಹೋದ ಸಂಬಂಧ, ತೀರಿಸದ ಸಾಲ. ಊರಿನವನು ತನ್ನ ಹಳೆಯ ಲೆಕ್ಕ ಚುಕ್ತಾ ಮಾಡಲು ಬಂದೂಕಿನವನನ್ನು ಬಳಸಿಕೊಳ್ಳುತ್ತಾನೆ, ಬಂದೂಕಿನವನು ತನ್ನ ಹಿಡಿತ ಬಿಗಿಮಾಡಲು ಊರಿನವನನ್ನು ಬಳಸಿಕೊಳ್ಳುತ್ತಾನೆ. ಅಂತರ್ಯುದ್ಧದಲ್ಲಿ ನನ್ನನ್ನು ಅತಿ ಹೆಚ್ಚು ನೋಯಿಸುವ ಸಂಗತಿ ಇದೇ. ಸತ್ತವನಿಗೆ ಕೊಂದವನ ಪರಿಚಯ ಇಲ್ಲದಿರಬಹುದು, ಕೊಲ್ಲಿಸಿದವನ ಪರಿಚಯ ಬಹಳ ಸಲ ಇರುತ್ತದೆ.

ಶ್ರೀಲಂಕಾಕ್ಕೆ ಬರೋಣ. 1987ರಿಂದ 89ರವರೆಗೆ ದಕ್ಷಿಣದ ಸಿಂಹಳ ಸೀಮೆಯಲ್ಲಿ ಜನತಾ ವಿಮುಕ್ತಿ ಪೆರಮುನ ಎಂಬ ಎಡಪಂಥೀಯ ಪಕ್ಷದ ಎರಡನೇ ದಂಗೆ ನಡೆಯಿತು. ಕೊಂದವರೂ ಸಿಂಹಳರು, ಸತ್ತವರೂ ಹೆಚ್ಚಿನವರು ಸಿಂಹಳರು, ಆದ್ದರಿಂದ ಜನಾಂಗ ದ್ವೇಷದ ವಿವರಣೆ ಇಲ್ಲಿ ಬಾಗಿಲಲ್ಲೇ ನಿಲ್ಲುತ್ತದೆ. ಸೈನ್ಯ ಊರನ್ನು ಸುತ್ತುವರಿದು ಗಂಡಸರನ್ನು ಬಯಲಿಗೆ ಕರೆತಂದು ಸಾಲಾಗಿ ನಿಲ್ಲಿಸುತ್ತಿತ್ತು. ಎದುರಿಗೆ ತಲೆಯಿಂದ ಗೋಣಿಚೀಲ ಹೊದ್ದು, ಕಣ್ಣಿಗೆ ಎರಡು ತೂತು ಬಿಟ್ಟುಕೊಂಡ ಒಬ್ಬ. ಜನ ಅವನನ್ನು ಗೋಣಿ ಬಿಲ್ಲಾ ಎಂದು ಕರೆಯುತ್ತಿದ್ದರು. ಸಾಲು ಅವನ ಮುಂದೆ ಸಾಗುತ್ತಿತ್ತು. ಅವನು ತಲೆ ಆಡಿಸಿದರೆ ಆ ಹುಡುಗನನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು, ಹಾಗೆ ಎಳೆದುಕೊಂಡ ಎಷ್ಟೋ ಮಂದಿ ಮತ್ತೆ ಮನೆಗೆ ಬರಲಿಲ್ಲ. ಉತ್ತರ ಮತ್ತು ಪೂರ್ವದ ತಮಿಳು ಊರುಗಳಲ್ಲಿ ಇದೇ ಕೆಲಸ ಮಾಡುತ್ತಿದ್ದ ಮುಸುಕಿನವನಿಗೆ ತಲೆಯಾಟ್ಟಿ ಎಂದು ಹೆಸರು. ಆ ಚೀಲ ಏಕೆ ಬೇಕಿತ್ತು ಎಂದು ಯೋಚಿಸಿ. ಸೈನ್ಯದ ಕೈ ಮೇಲಿತ್ತು, ಆದರೆ ಸೈನ್ಯ ಹೊರಟ ಮೇಲೆ ಆ ರಾತ್ರಿ ಅವನನ್ನು ಕಾಯುವವರು ಯಾರೂ ಇರಲಿಲ್ಲ. ಹಿಡಿತದಲ್ಲಿದ್ದ ಕೊರತೆಯನ್ನು ಆ ಗೋಣಿಚೀಲ ತುಂಬುತ್ತಿತ್ತು.

ಪೂರ್ವದ ಮಟ್ಟಕ್ಕಳಪ್ಪು ಜಿಲ್ಲೆ, ಇಂಗ್ಲಿಷ್‌ನವರು ಬ್ಯಾಟಿಕಲೋವಾ ಎಂದದ್ದು, ಇದಕ್ಕೆ ಇನ್ನೊಂದು ನಿದರ್ಶನ. ಜಿಲ್ಲೆಯ ನಡುವೆ ಉದ್ದನೆಯ ಹಿನ್ನೀರು ಚಾಚಿಕೊಂಡಿದೆ. ಅದರ ಪಶ್ಚಿಮ ದಡ ಪಡುವಾನ್‌ಕರೈ, ಸೂರ್ಯ ಮುಳುಗುವ ದಡ. ಅದು ಬಹುಕಾಲ ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳ ಕೈಯಲ್ಲಿತ್ತು. ಸಮುದ್ರದ ಕಡೆಯ ಎಳುವಾನ್‌ಕರೈನಲ್ಲಿ ಸೈನ್ಯದ ಶಿಬಿರಗಳು. 2002ರ ಕದನವಿರಾಮದ ನಂತರ ಈ ಗೆರೆ ಹೆಚ್ಚುಕಮ್ಮಿ ಗಟ್ಟಿಯಾಗಿತ್ತು. 2004ರ ಮಾರ್ಚ್‌ನಲ್ಲಿ ಪೂರ್ವದ ಕಮಾಂಡರ್ ಕರುಣಾ ಸಂಘಟನೆಯಿಂದ ಸಿಡಿದು ಬೇರೆಯಾದ. ಏಪ್ರಿಲ್‌ನಲ್ಲಿ ಉತ್ತರದ ಹುಲಿಗಳು ವೆರುಗಲ್ ನದಿ ದಾಟಿ ಬಂದು ಅವನ ಪಡೆಯನ್ನು ಚದುರಿಸಿದರು. ಅಲ್ಲಿಂದ ಮುಂದೆ ಮಟ್ಟಕ್ಕಳಪ್ಪಿನ ಬೀದಿಗಳಲ್ಲಿ ಗುರಿಯಿಟ್ಟ ಕೊಲೆಗಳು ಏರುತ್ತಾ ಹೋದವು. ಜನರ ನಡುವಿನ ದ್ವೇಷ ಆ ಏಪ್ರಿಲ್‌ನಲ್ಲಿ ಏಕಾಏಕಿ ಹುಟ್ಟಿದ್ದಲ್ಲ. ಹಿಡಿತ ಒಡೆಯಿತು. ನಿನ್ನೆಯವರೆಗೆ ಒಟ್ಟಿಗೆ ಉಂಡವರು ಎರಡು ಪಾಳೆಯವಾದರು. ಒಬ್ಬರ ಅಡಗುತಾಣ, ನಿಜವಾದ ಹೆಸರು, ಹೆಂಡತಿಯ ತವರು ಎಲ್ಲವೂ ಇನ್ನೊಬ್ಬರಿಗೆ ಗೊತ್ತಿತ್ತು. ಇಷ್ಟು ನಿಖರವಾದ ಮಾಹಿತಿ ಸೈನ್ಯಕ್ಕೆ ಅಷ್ಟು ವರ್ಷಗಳಲ್ಲಿ ಸಿಕ್ಕಿರಲಿಲ್ಲ.

ಅದೇ ಕಾಲದಲ್ಲಿ ಉತ್ತರದ ವನ್ನಿ ಪ್ರದೇಶದಲ್ಲಿ ಕಿಳಿನೊಚ್ಚಿಯನ್ನು ಕೇಂದ್ರವಾಗಿಟ್ಟುಕೊಂಡು ಎಲ್‌ಟಿಟಿಇ ತನ್ನದೇ ಪೊಲೀಸ್, ತನ್ನದೇ ಕೋರ್ಟ್, ತನ್ನದೇ ಬ್ಯಾಂಕ್ ನಡೆಸುತ್ತಿತ್ತು. ಅಲ್ಲಿ ಸರ್ಕಾರಕ್ಕೆ ಆರಿಸಿ ಕೊಲ್ಲುವ ದಾರಿ ಬಹುಮಟ್ಟಿಗೆ ಮುಚ್ಚಿತ್ತು. ಸಾವು ಬಂದದ್ದು ಆಕಾಶದಿಂದ, ಫಿರಂಗಿಯಿಂದ. 2009ರ ಮೊದಲ ತಿಂಗಳುಗಳಲ್ಲಿ ಲಕ್ಷಾಂತರ ಜನ ಮುಳ್ಳಿವಾಯ್ಕಾಲ್‌ನ ಕಿರಿದಾದ ಮರಳ ಪಟ್ಟಿಗೆ ಒತ್ತಲ್ಪಟ್ಟರು. ಒಂದು ಕಡೆ ನಂದಿಕ್ಕಡಲ್ ಹಿನ್ನೀರು, ಇನ್ನೊಂದು ಕಡೆ ಸಮುದ್ರ. ಹೊರಹೋಗಲು ಹೊರಟವರಿಗೆ ಹುಲಿಗಳೇ ಗುಂಡು ಹಾರಿಸಿದರು, ಒಳಗಿದ್ದವರ ಮೇಲೆ ಸೈನ್ಯದ ಶೆಲ್ ಬಿತ್ತು. ವಿಶ್ವಸಂಸ್ಥೆಯ ತಜ್ಞರ ಸಮಿತಿ ಆ ಕೊನೆಯ ಹಂತದಲ್ಲಿ 40,000ದವರೆಗೆ ನಾಗರಿಕರು ಸತ್ತಿರಬಹುದು ಎಂದಿತು. ಹಾಗಾಗಿ ಹಿಂಸೆ ಎಲ್ಲಿ ಎಂದು ಕೇಳುವಾಗ ಯಾವ ಬಗೆಯ ಹಿಂಸೆ ಎಂದೂ ಕೇಳಬೇಕು. ಹೆಸರು ಹಿಡಿದು ಕೊಲ್ಲುವುದಕ್ಕೂ ಒಂದು ಪ್ರದೇಶವನ್ನೇ ಗುರಿಮಾಡಿ ಕೊಲ್ಲುವುದಕ್ಕೂ ಜಾಗಗಳು ಬೇರೆ ಬೇರೆ.

ಇಲ್ಲಿ ನಿಮ್ಮ ವಿದ್ಯಾರ್ಥಿಗಳು ಒಂದು ಆಕ್ಷೇಪ ಎತ್ತಬೇಕು. 1983ರ ಜುಲೈನಲ್ಲಿ ಕೊಲಂಬೊ ಸರ್ಕಾರದ ಪೂರ್ಣ ಹಿಡಿತದಲ್ಲೇ ಇತ್ತಲ್ಲ, ಅಲ್ಲೇಕೆ ಅಷ್ಟು ತಮಿಳರು ಸತ್ತರು? ಸರಿಯಾದ ಆಕ್ಷೇಪ. ಪೂರ್ತಿ ಹಿಡಿತ ಇದ್ದ ಕಡೆ ಹಿಂಸೆ ಕಡಿಮೆ ಎನ್ನುವ ಮಾತು ನಿಲ್ಲುವುದು ಹಿಡಿತ ಇರುವವನಿಗೆ ಅದು ಬೇಡವಾಗಿದ್ದಾಗ ಮಾತ್ರ. ಅವನೇ ಕಣ್ಣು ಮುಚ್ಚಿಕೊಂಡರೆ, ಅಥವಾ ಕೈ ಜೋಡಿಸಿದರೆ, ಆ ಹಿಡಿತವೇ ಕೊಲೆಗೆ ಸಲಕರಣೆ. ಆ ವಾರದ ಗಲಭೆಯಲ್ಲಿ ಗುಂಪುಗಳು ಕೈಯಲ್ಲಿ ಮತದಾರರ ಪಟ್ಟಿ ಹಿಡಿದು ತಮಿಳರ ಮನೆಗಳನ್ನು ಹುಡುಕಿದ್ದು ದಾಖಲಾಗಿದೆ. ಚಾಡಿ ಹೇಳುವವನು ಬೇಕಾಗಲಿಲ್ಲ, ಸರ್ಕಾರಿ ಕಾಗದ ಆ ಕೆಲಸ ಮಾಡಿತು. ರುವಾಂಡಾದಲ್ಲಿ 1994ರಲ್ಲಿ ಹುಟು ಉಗ್ರರು ಟುಟ್ಸಿ ಸಮುದಾಯದವರ ನರಮೇಧ ನಡೆಸಿದಾಗ ಗುರುತಿನ ಚೀಟಿಯಲ್ಲಿ ಹುಟು, ಟುಟ್ಸಿ ಎಂದು ಬರೆದಿತ್ತು, ರಸ್ತೆ ತಡೆಯಲ್ಲಿ ಅದನ್ನು ತೋರಿಸಬೇಕಿತ್ತು.

ರುವಾಂಡಾದ ಬುತಾರೆ ಪ್ರಾಂತ್ಯವನ್ನು ನೋಡಿ. ಏಪ್ರಿಲ್ 7ರಿಂದ ದೇಶದ ಬೇರೆ ಕಡೆ ಕೊಲೆ ಶುರುವಾದರೂ ಬುತಾರೆ ಬಹುಪಾಲು ಎರಡು ವಾರ ತಡೆದು ನಿಂತಿತು. ದೇಶದಲ್ಲೇ ಟುಟ್ಸಿಗಳ ಪ್ರಮಾಣ ಹೆಚ್ಚಿದ್ದ ಪ್ರಾಂತ್ಯಗಳಲ್ಲಿ ಅದೊಂದು, ದೇಶದ ಏಕೈಕ ಟುಟ್ಸಿ ಪ್ರಾಂತ್ಯಾಧಿಕಾರಿ ಇದ್ದದ್ದೂ ಅಲ್ಲೇ. ಆತನನ್ನು ಕಿತ್ತುಹಾಕಿ, ಏಪ್ರಿಲ್ 19ರಂದು ಮಧ್ಯಂತರ ಅಧ್ಯಕ್ಷ ಅಲ್ಲಿಗೆ ಬಂದು ಭಾಷಣ ಮಾಡಿದ ಮೇಲೆ ಅಲ್ಲಿಯೂ ನರಮೇಧ ಶುರುವಾಯಿತು. ಆ ಎರಡು ವಾರ ಬುತಾರೆಯ ಜನರ ಮನಸ್ಸಿನಲ್ಲಿ ದ್ವೇಷ ಎಷ್ಟಿತ್ತೋ ಆಮೇಲೂ ಅಷ್ಟೇ ಇದ್ದಿರಬೇಕು. ಬದಲಾದದ್ದು ಕುರ್ಚಿಯಲ್ಲಿದ್ದವನು.

ಪೆರುವಿನ ಅಯಕುಚೊ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹಿಡಿತ ಕೈ ಬದಲಾಗುವ ವಾರಗಳು ಎಷ್ಟು ಅಪಾಯ ಎನ್ನುವುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಆಂಡೀಸ್ ಬೆಟ್ಟಗಳ ಕೆಚುವಾ ಭಾಷಿಕರ ಸೀಮೆ ಅದು. ಸೆಂಡೆರೊ ಲುಮಿನೊಸೊ, ಅಂದರೆ ಬೆಳಗುವ ದಾರಿ ಎಂಬ ಹೆಸರಿನ ಮಾವೋವಾದಿ ಪಕ್ಷ 1980ರ ಮೇ 17ರಂದು ಚುಸ್ಚಿ ಎಂಬ ಹಳ್ಳಿಯಲ್ಲಿ ಮತಪೆಟ್ಟಿಗೆ ಸುಟ್ಟು ಯುದ್ಧ ಸಾರಿತು. ಎರಡು ವರ್ಷ ಊರಿನ ಪೊಲೀಸರು ಠಾಣೆ ಬಿಟ್ಟು ಹಿಂದೆ ಸರಿಯುತ್ತಾ ಹೋದರು. 1982ರ ಕೊನೆಗೆ ಸರ್ಕಾರ ಅಯಕುಚೊವನ್ನು ಸೈನ್ಯದ ಕೈಗೆ ಒಪ್ಪಿಸಿತು. ಸೈನ್ಯ ಬಂತು ಎಂದ ಕೂಡಲೇ ಊರುಗಳ ಲೆಕ್ಕಾಚಾರ ಬದಲಾಯಿತು. ಲುಕನಮಾರ್ಕಾ ಎಂಬ ಊರಿನವರು ಸೆಂಡೆರೊ ಕಾಟಕ್ಕೆ ರೋಸಿಹೋಗಿದ್ದರು. 1983ರ ಮಾರ್ಚ್‌ನಲ್ಲಿ ತಮ್ಮದೇ ಊರಿನ ಸೆಂಡೆರೊ ಕಮಾಂಡರ್‌ನನ್ನು ಹಿಡಿದು ಊರ ಚೌಕದಲ್ಲಿ ಕೊಂದರು. ಸೈನ್ಯ ತಮ್ಮನ್ನು ಕಾಯುತ್ತದೆ ಎಂಬ ಧೈರ್ಯ ಅದರ ಹಿಂದೆ ಇದ್ದಿರಬೇಕು. ಏಪ್ರಿಲ್ 3ರಂದು ಸೆಂಡೆರೊ ದಂಡು ಬಂತು. ಸುತ್ತಲಿನ ಕೊಪ್ಪಲುಗಳಿಂದ ಆರಂಭಿಸಿ ಊರೊಳಗೆ ಬರುವ ಹೊತ್ತಿಗೆ ಕೊಡಲಿ, ಮಚ್ಚು, ಗುಂಡುಗಳಿಂದ 69 ಜನರನ್ನು ಕೊಂದಿತ್ತು. ಹಸುಗೂಸುಗಳೂ ಇದ್ದವು. ಅದು ಬುದ್ಧಿಗೆಟ್ಟ ಕ್ರೌರ್ಯ ಆಗಿರಲಿಲ್ಲ, ಬೇರೆ ಊರುಗಳು ಕೇಳಿಸಿಕೊಳ್ಳಲಿ ಎಂದು ಮಾಡಿದ ಕ್ರೌರ್ಯ. ಪಕ್ಷದ ನಾಯಕ ಅಬಿಮಾಯೆಲ್ ಗುಸ್ಮಾನ್ ಅದು ತಮ್ಮ ತೀರ್ಮಾನವೇ ಎಂದು ಮುಂದೆ ಒಪ್ಪಿಕೊಂಡ.

ಸೈನ್ಯ ಕಾಯಲಿಲ್ಲ ಎನ್ನುವುದು ಒಂದು ಕಡೆ. ಸೈನ್ಯವೇ ಕೊಂದದ್ದು ಇನ್ನೊಂದು ಕಡೆ. 1985ರ ಆಗಸ್ಟ್‌ನಲ್ಲಿ ಅಕ್ಕೊಮಾರ್ಕಾ ಎಂಬಲ್ಲಿ ಸೈನಿಕರು ಹೆಂಗಸರು, ಮಕ್ಕಳು, ಮುದುಕರು ಸೇರಿ 60ಕ್ಕೂ ಹೆಚ್ಚು ಮಂದಿಯನ್ನು ಮನೆಗಳೊಳಗೆ ತುಂಬಿ ಕೊಂದರು. ಹೆಸರು ಹೇಳುವವರು ಸಿಗದ, ಹೇಳಿದ್ದು ಅರ್ಥವೂ ಆಗದ ಕಡೆ, ಸೈನ್ಯಕ್ಕೆ ಕೆಚುವಾ ಮಾತನಾಡುವ ಪ್ರತಿಯೊಬ್ಬ ರೈತನೂ ಶತ್ರುವಾಗಿ ಕಂಡ. ಮಾಹಿತಿ ಇದ್ದರೆ ಒಬ್ಬ ಸಾಯುತ್ತಾನೆ, ಇಲ್ಲದಿದ್ದರೆ ಇಡೀ ಊರು ಸಾಯುತ್ತದೆ ಎನ್ನುವುದು ಕೇಳಲು ಭಯಂಕರ, ಆದರೆ ಗ್ವಾಟೆಮಾಲಾದಿಂದ ಹಿಡಿದು ಅನೇಕ ದೇಶಗಳಲ್ಲಿ ಹೀಗೇ ನಡೆದಿದೆ.

ಇಷ್ಟೆಲ್ಲ ನಡೆದದ್ದು ರಾಜಧಾನಿ ಲಿಮಾಗೆ ಬಹುಮಟ್ಟಿಗೆ ಕಾಣಲಿಲ್ಲ. 2003ರಲ್ಲಿ ಸತ್ಯ ಮತ್ತು ಸಮನ್ವಯ ಆಯೋಗ ಸುಮಾರು 17,000 ಜನರ ಹೇಳಿಕೆ ಪಡೆದು, 1980ರಿಂದ 2000ದವರೆಗೆ ಸತ್ತವರು ಮತ್ತು ಕಾಣೆಯಾದವರು 69,280 ಎಂದು ಅಂದಾಜು ಮಾಡಿತು. ದೇಶ ಅದುವರೆಗೆ ನಂಬಿದ್ದ ಅಂಕಿಯ ಎರಡು ಪಟ್ಟಿಗೂ ಹೆಚ್ಚು. ಅದರಲ್ಲಿ 40%ಕ್ಕೂ ಹೆಚ್ಚು ಅಯಕುಚೊ ಒಂದರಲ್ಲೇ. ನಾಲ್ವರಲ್ಲಿ ಮೂವರ ತಾಯ್ನುಡಿ ಕೆಚುವಾ ಅಥವಾ ಬೇರೆ ಮೂಲನಿವಾಸಿ ಭಾಷೆ. ಹಿಂಸೆಯ ನಕ್ಷೆಗಳನ್ನು ನೋಡುವಾಗ ಇದನ್ನು ಮರೆಯಬೇಡಿ: ಚುಕ್ಕೆ ಇರುವ ಜಾಗದಲ್ಲಿ ವರದಿಗಾರ, ರಸ್ತೆ, ಫೋನ್ ಇತ್ತು ಎಂದರ್ಥ. ಚುಕ್ಕೆ ಇಲ್ಲದ ಜಾಗ ಶಾಂತವಾಗಿತ್ತು ಎಂದೇನೂ ಅಲ್ಲ.

ಇನ್ನು ಎಲ್ಲ ಅಂತರ್ಯುದ್ಧಗಳೂ ಗೆರಿಲ್ಲಾ ಯುದ್ಧಗಳಲ್ಲ. 1936ರಿಂದ 39ರ ಸ್ಪೇನ್ ಯುದ್ಧದಲ್ಲಿ ಸ್ಪಷ್ಟವಾದ ರಣರೇಖೆ ಇತ್ತು, ಅದರ ಹಿಂದಿನ ಊರುಗಳು ಯಾರದೆಂದು ಗೊಂದಲವಿರಲಿಲ್ಲ. ಆದರೂ ಕೆಟಲೋನಿಯಾದ ಕೆಲವು ಊರುಗಳಲ್ಲಿ ಬಹಳ ಜನರನ್ನು ಕೊಂದರು, ಕೆಲವು ಊರುಗಳಲ್ಲಿ ಯಾರನ್ನೂ ಮುಟ್ಟಲಿಲ್ಲ. ಅಲ್ಲಿನ ದಾಖಲೆಗಳನ್ನು 1936ರ ಚುನಾವಣಾ ಫಲಿತಾಂಶದ ಜೊತೆ ಇಟ್ಟು ನೋಡಿದಾಗ, ಎಡ ಮತ್ತು ಬಲ ಪಕ್ಷಗಳಿಗೆ ಹತ್ತಿರಹತ್ತಿರ ಸಮನಾಗಿ ಮತ ಬಿದ್ದಿದ್ದ ಊರುಗಳಲ್ಲಿ ಕೊಲೆ ಹೆಚ್ಚಾಗಿತ್ತು. ಕಾರಣ ತಣ್ಣಗಿನ ರಾಜಕೀಯ ಲೆಕ್ಕ. ಹತ್ತು ವಿರೋಧಿಗಳನ್ನು ಇಲ್ಲವಾಗಿಸಿದರೆ ಊರಿನ ತಕ್ಕಡಿ ವಾಲುವುದು ಅಲ್ಲಿ ಮಾತ್ರ. ಒಂದೇ ಪಕ್ಷದ ಕೋಟೆಯಾಗಿದ್ದ ಊರುಗಳ ಕಷ್ಟ ಬೇರೆ, ಅವುಗಳ ಮೇಲೆ ಎದುರು ಪಕ್ಷದ ವಿಮಾನಗಳು ಬಂದವು. 1938ರಲ್ಲಿ ಬಾರ್ಸಿಲೋನಾ, ಗ್ರಾನೊಯೆರ್ಸ್ ಅನುಭವಿಸಿದ್ದು ಅದನ್ನೇ.

ಹಣದ ಮಾತು ಚುಟುಕಾಗಿ. ವಜ್ರ, ತೈಲ, ಅದಿರು ಇರುವ ಕಡೆ ಹಿಂಸೆ ಎಂದು ಪತ್ರಿಕೆಗಳಲ್ಲಿ ಓದುತ್ತೀರಿ, ಅರ್ಧ ನಿಜ. ಕೊಲಂಬಿಯಾದಲ್ಲಿ ತೈಲದ ಬೆಲೆ ಏರಿದಾಗ ತೈಲದ ಜಿಲ್ಲೆಗಳಲ್ಲಿ ಹಿಂಸೆ ಏರಿತು. ಆದರೆ ಕಾಫಿ ಬೆಳೆಯುವ ಜಿಲ್ಲೆಗಳಲ್ಲಿ ಹಿಂಸೆ ಏರಿದ್ದು ಕಾಫಿ ಬೆಲೆ ಕುಸಿದಾಗ. ತೈಲದ ಹಣ ದೋಚಲು ಸಿಗುತ್ತದೆ. ಕಾಫಿ ಬೆಲೆ ಬಿದ್ದರೆ ಕೂಲಿ ಬೀಳುತ್ತದೆ, ಬಂದೂಕು ಹಿಡಿಯುವ ಹುಡುಗರು ಅಗ್ಗಕ್ಕೆ ಸಿಗುತ್ತಾರೆ. ಪೂರ್ವ ಕಾಂಗೋದಲ್ಲಿ 2000ದ ಹೊತ್ತಿಗೆ ಕೋಲ್ಟಾನ್ ಅದಿರಿನ ಬೆಲೆ ಗಗನಕ್ಕೇರಿದಾಗ ಸಶಸ್ತ್ರ ಗುಂಪುಗಳು ಗಣಿಯ ಬಾಯಲ್ಲೇ ಠಿಕಾಣಿ ಹಾಕಿದವು, ಏಕೆಂದರೆ ಮೂಟೆಗಟ್ಟಲೆ ಅದಿರನ್ನು ಬಚ್ಚಿಡಲು ಆಗುವುದಿಲ್ಲ. ಚಿನ್ನವಾದರೆ ಕಾರ್ಮಿಕ ಜೇಬಿಗೆ ಹಾಕಿಕೊಂಡು ಹೋಗುತ್ತಾನೆ, ಹಾಗಾಗಿ ಅವನು ಖರ್ಚು ಮಾಡುವ ಊರಿಗೆ ಅವರು ವಸೂಲಿಗೆ ಬಂದರು.

ಊರಿನವರ ಕೈಯಲ್ಲಿ ಏನೂ ಇಲ್ಲವೇ? ಇದೆ. ಕೊಲಂಬಿಯಾದ ಕರಾರೆ ನದಿಯ ದಡದಲ್ಲಿ ಲಾ ಇಂಡಿಯಾ ಎಂಬ ಹಳ್ಳಿಯಿದೆ. 1987ರಲ್ಲಿ ಅಲ್ಲಿನ ರೈತರಿಗೆ ಸೈನ್ಯ ಮತ್ತು ಅದರ ಪರವಾದ ಖಾಸಗಿ ಪಡೆಗಳ ಕಡೆಯಿಂದ ಗಡುವು ಬಂತು: ನಮ್ಮ ಜೊತೆ ಸೇರಿ, ಇಲ್ಲ ಗೆರಿಲ್ಲಾಗಳ ಜೊತೆ ಹೋಗಿ, ಇಲ್ಲ ಊರು ಬಿಡಿ, ಇಲ್ಲ ಸಾಯಿರಿ. ರೈತರು ನಾಲ್ಕನ್ನೂ ಒಪ್ಪದೆ ಸಂಘ ಕಟ್ಟಿದರು. ಎಲ್ಲ ಗುಂಪುಗಳ ಬಳಿಗೂ ಬಹಿರಂಗವಾಗಿ ಹೋಗಿ ಮಾತನಾಡಿದರು. ನಮ್ಮವರಲ್ಲಿ ಯಾರ ಮೇಲಾದರೂ ನಿಮಗೆ ಗುಮಾನಿ ಬಂದರೆ ಕೊಲ್ಲುವ ಮುಂಚೆ ನಮಗೆ ಹೇಳಿ, ನಿಜವೇ ಸುಳ್ಳೇ ನಾವು ವಿಚಾರಿಸುತ್ತೇವೆ ಎಂದರು. ಚಾಡಿಯ ಬಾಗಿಲಿಗೆ ಅವರೇ ಕಾವಲು ನಿಂತರು. ಆ ಕಣಿವೆಯಲ್ಲಿ ಕೊಲೆಗಳು ತಗ್ಗಿದವು. 1990ರ ಫೆಬ್ರುವರಿಯಲ್ಲಿ ಸಂಘದ ಮುಂದಾಳುಗಳನ್ನು, ಅವರ ಜೊತೆಗಿದ್ದ ಪತ್ರಕರ್ತೆಯೊಬ್ಬರನ್ನು ಗುಂಡಿಟ್ಟು ಕೊಂದರು. ಕೊಂದದ್ದು ಲಾ ಇಂಡಿಯಾದಲ್ಲಲ್ಲ, ಖಾಸಗಿ ಪಡೆಗಳ ಹಿಡಿತವಿದ್ದ ಸಿಮಿತಾರಾ ಪಟ್ಟಣದಲ್ಲಿ. ಸಂಘ ಆಮೇಲೂ ಉಳಿಯಿತು.

ಮುಂಚೆಯೇ ಊಹಿಸುವ ಬಗ್ಗೆ ಕೇಳಿದ್ದೀರಿ. ಸ್ವೀಡನ್‌ನ ಉಪ್ಸಾಲಾ ವಿಶ್ವವಿದ್ಯಾಲಯದವರು 1989ರಿಂದೀಚೆಗಿನ ಸಂಘಟಿತ ಹಿಂಸೆಯ ಘಟನೆಗಳನ್ನು ಊರು, ದಿನಾಂಕ ಸಮೇತ ದಾಖಲಿಸುತ್ತಾರೆ, ಅದರ ಆಧಾರದ ಮೇಲೆ ಮುಂದಿನ ತಿಂಗಳುಗಳ ಮುನ್ನಂದಾಜೂ ಹೊರಬರುತ್ತದೆ. ಈಗಾಗಲೇ ಹಿಂಸೆ ನಡೆಯುತ್ತಿರುವ ಕಡೆ ಅದು ಮುಂದುವರಿಯುತ್ತದೆ ಎಂದು ಹೇಳುವುದು ಅಂಥ ಲೆಕ್ಕಗಳಿಗೆ ಸುಲಭ. ಹಿಂಸೆ ಇಲ್ಲದ ಹೊಸ ಊರಿನಲ್ಲಿ ಅದು ಯಾವಾಗ ಕಾಲಿಡುತ್ತದೆ ಎನ್ನುವುದು ಇನ್ನೂ ಬಹಳ ಕಷ್ಟ, ಏಕೆಂದರೆ ಹೆಸರು ಹೇಳುವ ಮನಸ್ಸು ಯಾವ ದತ್ತಾಂಶದಲ್ಲೂ ಮೊದಲೇ ಕಾಣುವುದಿಲ್ಲ. ನಾನಾದರೆ ಮೂರು ಸೂಚನೆಗಳನ್ನು ನೋಡುತ್ತೇನೆ: ಊರು ಇತ್ತೀಚೆಗೆ ಕೈ ಬದಲಾಯಿಸಿದೆಯೇ, ಒಂದು ಗುಂಪು ಒಳಗಿಂದ ಒಡೆದಿದೆಯೇ, ಸೈನ್ಯ ಹಗಲು ಬಂದು ಸಂಜೆ ಶಿಬಿರಕ್ಕೆ ಮರಳುತ್ತಿದೆಯೇ. ತರಗತಿಯಲ್ಲಿ ಮಟ್ಟಕ್ಕಳಪ್ಪಿನ ನಕ್ಷೆ ಹರಡಿ ಹಿನ್ನೀರಿನ ಎರಡು ದಡಗಳನ್ನು ಮಕ್ಕಳಿಗೆ ತೋರಿಸಿ, 2002, 2004, 2007 ಎಂದು ಮೂರು ಸಲ ಬಣ್ಣ ಬದಲಿಸಲು ಹೇಳಿ. ಪೂರ್ವ ಪ್ರಾಂತ್ಯ ಸೈನ್ಯದ ಕೈಗೆ ಪೂರ್ತಿ ಬಂದದ್ದು 2007ರ ಜುಲೈನಲ್ಲಿ, ತೊಪ್ಪಿಗಲ ಬಿದ್ದ ಮೇಲೆ. ನಡುವಿನ ಮೂರು ವರ್ಷಗಳಿಗೆ ಯಾವ ಬಣ್ಣ ಹಚ್ಚುವುದು ಎಂದು ಅವರು ಜಗಳವಾಡಲಿ.